ಡೈಪರ್ ಬಿಡಿಸುವ ದಿನಗಳಲ್ಲಿ ಕಾರಿನ ಪ್ರಯಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿರುತ್ತದೆ. ಮಗು ಸುಸ್ಸು ಬಂದರೆ ಹೇಳುತ್ತದೆ, ಬಚ್ಚಲಿಗೆ ಓಡುತ್ತದೆ. ಅಷ್ಟರಲ್ಲಿ ಯಾರದ್ದೋ ಮದುವೆ, ಇಲ್ಲವೇ ಹಬ್ಬ. ಊರಿಗೆ ಹೊರಡಲೇಬೇಕು. ಐದಾರು ಗಂಟೆ ಕಾರಿನಲ್ಲಿ ಕೂರಬೇಕು ಅಂದ ಕೂಡಲೇ ಮನಸ್ಸಿಗೆ ಗಾಬರಿ ಶುರುವಾಗುತ್ತದೆ, ಅಲ್ವಾ?

ನನ್ನ ಮಗಳಿಗೆ 2 ವರ್ಷ 4 ತಿಂಗಳಾಗಿದ್ದಾಗ ನಾವು ಡೈಪರ್ ಬಿಡಿಸಲು ಶುರು ಮಾಡಿದೆವು. ನಾವಿರುವುದು ಬೆಂಗಳೂರಿನಲ್ಲಿ, ಅಜ್ಜಿ ಮನೆ ಪುತ್ತೂರಿನಲ್ಲಿ. 300 ಕಿಲೋಮೀಟರಿಗಿಂತ ಜಾಸ್ತಿ ದಾರಿ, ನಡುವೆ ಶಿರಾಡಿ ಘಾಟಿ. ಆ ವರ್ಷ ಐದು ಸಲ ಹೋಗಿ ಬಂದೆವು. ಗೆಳತಿಯರು, ನಾದಿನಿ, ಪಕ್ಕದ ಮನೆಯವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಡೈಪರ್ ಬಿಡಿಸಲು ಶುರು ಮಾಡಿ ಎಷ್ಟು ದಿನಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗಬಹುದು?

ಮೊದಲ ಮೂರು ನಾಲ್ಕು ದಿನ ಆದಷ್ಟು ಮನೆಯಲ್ಲೇ ಇರಿ. ಹೊಟ್ಟೆಯ ಕೆಳಗೆ ಏನೋ ಒತ್ತಿದ ಹಾಗಾಗುತ್ತದೆ, ಅದಕ್ಕೆ ಸುಸ್ಸು ಅಂತ ಹೆಸರು, ಅದು ಹೊರಗೆ ಬರುವ ಮೊದಲೇ ಹೇಳಬೇಕು. ಮಗು ಆ ದಿನಗಳಲ್ಲಿ ಕಲಿಯುವುದು ಇಷ್ಟನ್ನೇ. ದೊಡ್ಡವರಿಗೆ ಇದು ಸಣ್ಣ ವಿಷಯ ಅನ್ನಿಸುತ್ತದೆ. ಎರಡು ವರ್ಷದ ಮಗುವಿಗೆ ಅದು ದೊಡ್ಡ ಪಾಠ.

ಆಮೇಲೆ ಹತ್ತಿರದ ಓಡಾಟ ಶುರು ಮಾಡಿ. ತರಕಾರಿ ಅಂಗಡಿಗೆ 10 ನಿಮಿಷ, ಪಾರ್ಕಿಗೆ 20 ನಿಮಿಷ, ಚಿಕ್ಕಮ್ಮನ ಮನೆಗೆ ಅರ್ಧ ಗಂಟೆ. ಮನೆಯಲ್ಲಿ ಎರಡು ಗಂಟೆ ಚಡ್ಡಿ ಒದ್ದೆಯಾಗದೆ ಉಳಿಯುತ್ತಿದ್ದರೆ ಮಗು ದೂರದ ಪ್ರಯಾಣಕ್ಕೂ ಹೆಚ್ಚು ಕಡಿಮೆ ತಯಾರಾಗಿದೆ ಅಂದುಕೊಳ್ಳಬಹುದು.

ಇನ್ನು ಹತ್ತು ದಿನದಲ್ಲಿ ಊರಿಗೆ ಹೋಗುವುದಿದೆ, ಇನ್ನೂ ಶುರುವೇ ಮಾಡಿಲ್ಲ ಅನ್ನುವವರಿಗೆ ನನ್ನ ಸಲಹೆ: ಈಗ ಬೇಡ. ಊರಿನಿಂದ ಬಂದ ಮೇಲೆ ಶುರು ಮಾಡಿ. ಸಾಮಾನ್ಯವಾಗಿ ಮಕ್ಕಳು ಇದಕ್ಕೆ ತಯಾರಾಗುವುದು 18 ತಿಂಗಳಿಂದ 3 ವರ್ಷದ ನಡುವೆ. ಎರಡು ವಾರ ತಡವಾದರೆ ಏನೂ ಹಾಳಾಗುವುದಿಲ್ಲ.

ಪ್ರಯಾಣದ ದಿನ ಡೈಪರ್ ಹಾಕಿದರೆ ಕಲಿತದ್ದೆಲ್ಲ ಮರೆತುಹೋಗುತ್ತದಾ?

ಒಂದು ದಿನಕ್ಕೆ ಮರೆಯುವುದಿಲ್ಲ. ಆದರೆ ಡೈಪರ್ ಹಾಕಿದ ಮೇಲೆ ಅಪ್ಪ ಅಮ್ಮ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದು ಮುಖ್ಯ.

ಮಗು "ಸುಸ್ಸು" ಅಂದಾಗ "ಡೈಪರ್ ಇದೆ ಪುಟ್ಟಾ, ಅದರಲ್ಲೇ ಮಾಡು" ಅಂದುಬಿಟ್ಟರೆ ಅಲ್ಲಿ ತಪ್ಪಾಯಿತು. ಮೂರು ವಾರ "ಹೇಳು, ಹೇಳು" ಅಂತ ಕಲಿಸಿ, ಮಗು ಹೇಳಿದ ದಿನವೇ ಬೇಡ ಅಂದ ಹಾಗಾಯಿತು. ಡೈಪರ್ ಹಾಕಿದ್ದರೂ ಮಗು ಕೇಳಿದರೆ ಗಾಡಿ ನಿಲ್ಲಿಸಿ. ಡೈಪರ್ ಇರುವುದು ನಿಲ್ಲಿಸಲು ಜಾಗ ಸಿಗದೆ ಹೋದರೆ ಇರಲಿ ಅಂತ ಮಾತ್ರ.

ಅಂಟಿಸುವ ಡೈಪರಿಗಿಂತ ಚಡ್ಡಿಯ ಹಾಗೆ ಮೇಲೆಳೆದು ಕೆಳಗೆಳೆಯುವ ಡೈಪರ್ ಒಳ್ಳೆಯದು. ಮಗುವಿಗೂ ಚಡ್ಡಿ ಹಾಕಿಕೊಂಡ ಹಾಗೇ ಇರುತ್ತದೆ. ನಾವು ಅದನ್ನು "ಕಾರ್ ಚಡ್ಡಿ" ಅಂತ ಕರೆದೆವು. ಕಾರು ಹತ್ತುವಾಗ ಕಾರ್ ಚಡ್ಡಿ, ಅಜ್ಜಿ ಮನೆ ಅಂಗಳದಲ್ಲಿ ಇಳಿದ ಕೂಡಲೇ ಮಾಮೂಲಿ ಚಡ್ಡಿ. ಹೀಗೆ ಯಾವಾಗ ಯಾವುದು ಅಂತ ಸ್ಪಷ್ಟವಾಗಿದ್ದರೆ ಮಕ್ಕಳು ಗೊಂದಲ ಮಾಡಿಕೊಳ್ಳುವುದಿಲ್ಲ. ಮೂರನೇ ಪ್ರಯಾಣದ ಹೊತ್ತಿಗೆ ಮಗಳೇ ಬೇಡ ಅಂದಳು. ಹಾಕಲಿಲ್ಲ.

ಎಷ್ಟು ಹೊತ್ತಿಗೊಮ್ಮೆ ಗಾಡಿ ನಿಲ್ಲಿಸಬೇಕು?

ಮಗುವಿನ ಮೂತ್ರಕೋಶ ಎಷ್ಟು ಚಿಕ್ಕದು ಅಂತ ಮೊದಲು ತಿಳಿದುಕೊಳ್ಳಿ. ಡಾಕ್ಟರುಗಳು ಬಳಸುವ ಒಂದು ಸುಲಭ ಲೆಕ್ಕ ಇದೆ. ಮಗುವಿನ ವಯಸ್ಸಿಗೆ 2 ಕೂಡಿಸಿ 30ರಿಂದ ಗುಣಿಸಿದರೆ ಎಷ್ಟು ಮಿಲಿಲೀಟರ್ ಹಿಡಿಯಬಹುದು ಅನ್ನುವ ಅಂದಾಜು ಸಿಗುತ್ತದೆ. ಎರಡು ವರ್ಷದ ಮಗುವಿಗೆ ಸುಮಾರು 120 ಮಿ.ಲೀ., ಮೂರು ವರ್ಷಕ್ಕೆ 150 ಮಿ.ಲೀ. ಅಂದರೆ ಒಂದು ಚಿಕ್ಕ ಲೋಟ. ಅದು ಪೂರ್ತಿ ತುಂಬುವ ಮೊದಲೇ ಮಗುವಿಗೆ ಒತ್ತಡ ಶುರುವಾಗಿರುತ್ತದೆ. ಗೊತ್ತಾದ ಮೇಲೆ ತಡೆದುಕೊಳ್ಳುವ ಶಕ್ತಿ ಹೊಸದಾಗಿ ಕಲಿಯುವ ಮಗುವಿಗೆ ಒಂದೆರಡು ನಿಮಿಷ ಇದ್ದರೆ ಜಾಸ್ತಿ.

ಹೊಸದಾಗಿ ಕಲಿಯುತ್ತಿರುವಾಗ ಒಂದು ಗಂಟೆಗೊಮ್ಮೆ ನಿಲ್ಲಿಸಿ. ಒಂದೆರಡು ತಿಂಗಳು ಕಳೆದ ಮೇಲೆ ಒಂದೂವರೆ ಗಂಟೆಗೆ, ಆಮೇಲೆ ಎರಡು ಗಂಟೆಗೆ ಹೋಗಬಹುದು. ಮಗು ಕೇಳುವ ತನಕ ಕಾಯಬೇಡಿ. "ಬರ್ತಾ ಇದೆಯಾ?" ಅಂತಲೂ ಕೇಳಬೇಡಿ. ಆ ಪ್ರಶ್ನೆಗೆ ಎರಡು ವರ್ಷದ ಮಗುವಿನ ಉತ್ತರ ಯಾವಾಗಲೂ "ಇಲ್ಲ". "ಈಗ ಎಲ್ಲರೂ ಇಳಿದು ಸುಸ್ಸು ಮಾಡೋಣ, ಅಪ್ಪನೂ ಹೋಗ್ತಾರೆ, ಅಮ್ಮನೂ ಹೋಗ್ತಾಳೆ" ಅಂದರೆ ತಾನಾಗಿ ಇಳಿಯುತ್ತದೆ.

ನಮ್ಮ ಪುತ್ತೂರು ದಾರಿಯಲ್ಲಿ ನಿಲ್ಲಿಸುವ ಜಾಗಗಳನ್ನು ಮೊದಲೇ ಗುರುತು ಮಾಡಿಕೊಂಡಿದ್ದೆವು: ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ. ಏಳೂ ಕಡೆ ನಿಲ್ಲಿಸಿದರೆ ಪ್ರಯಾಣ ಒಂದೂವರೆ ಗಂಟೆ ಉದ್ದವಾಗುತ್ತದೆ. ಅದನ್ನು ಲೆಕ್ಕ ಹಾಕಿಯೇ ಮನೆ ಬಿಡಿ. ಮುಹೂರ್ತ 11 ಗಂಟೆಗೆ ಅಂತ ಬೆಳಗ್ಗೆ 5ಕ್ಕೆ ಹೊರಟರೆ ದಾರಿಯುದ್ದಕ್ಕೂ ಗಂಡ ಹೆಂಡತಿ ಗಡಿಯಾರ ನೋಡುತ್ತಾ ಇರುತ್ತೀರಿ. ಆ ಆತಂಕ ಮಗುವಿಗೂ ತಟ್ಟುತ್ತದೆ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳುವುದು ಮೇಲು.

ಈಗ ತಾನೇ ಸುಸ್ಸು ಮಾಡಿದೆ, ಐದು ನಿಮಿಷಕ್ಕೆ ಮತ್ತೆ ಬೇಕು ಅನ್ನುತ್ತದೆ. ಪ್ರತಿ ಸಲವೂ ನಿಲ್ಲಿಸಬೇಕಾ?

ನಿಲ್ಲಿಸಿ. ಸುಮ್ನೆ ಹೇಳುತ್ತಿದೆ ಅಂತ ಗೊತ್ತಿದ್ದರೂ ನಿಲ್ಲಿಸಿ.

ನಮ್ಮ ಒಂದು ಪ್ರಯಾಣದಲ್ಲಿ ಬೆಳ್ಳೂರು ಕ್ರಾಸ್ ದಾಟಿದ ಮೇಲೆ ಅರ್ಧ ಗಂಟೆಯಲ್ಲಿ ಎರಡು ಸಲ ಹೋಟೆಲುಗಳ ಮುಂದೆ ನಿಲ್ಲಿಸಿದೆವು. ಮೊದಲನೇ ಸಲ ಎರಡು ಹನಿ. ಎರಡನೇ ಸಲ ಅದೂ ಇಲ್ಲ. ಮಗಳು ಪಾಟಿಯ (ಮಕ್ಕಳು ಕೂತು ಸುಸ್ಸು, ಕಕ್ಕ ಮಾಡುವ ಪುಟ್ಟ ಕುರ್ಚಿಯಂಥದ್ದು) ಮೇಲೆ ಕೂತು, ರಸ್ತೆಯಲ್ಲಿ ಹೋಗುವ ಟ್ಯಾಂಕರುಗಳನ್ನು ಎಣಿಸಿದಳು. ಮೂರನೇ ಸಲ ಕೇಳಿದಾಗ ನನ್ನ ಗಂಡ, "ಸುಮ್ನೆ ಹೇಳ್ತಾಳೆ ಬಿಡು, ಹಾಸನದಲ್ಲಿ ನೋಡೋಣ" ಅಂದರು. ನಾನೂ ಸುಮ್ಮನಾದೆ. ಹತ್ತು ನಿಮಿಷ ಕಳೆದಿರಲಿಲ್ಲ. ಹಿಂದಿನಿಂದ ಸಣ್ಣ ದನಿ ಬಂತು: "ಅಮ್ಮಾ, ಬಂದ್ಬಿಡ್ತು." ತಿರುಗಿ ನೋಡಿದೆ. ಅವಳು ಅಳುತ್ತಿರಲಿಲ್ಲ. ಎರಡೂ ಕೈಯಲ್ಲಿ ಫ್ರಾಕಿನ ಅಂಚನ್ನು ಎದೆಯ ತನಕ ಎತ್ತಿ ಹಿಡಿದಿದ್ದಳು, ಅದು ಒದ್ದೆಯಾಗಬಾರದು ಅಂತ. ಅಜ್ಜಿ ಕೊಡಿಸಿದ ಫ್ರಾಕು ಅದು. ಅವಳು ತನ್ನ ಕೆಲಸ ಮಾಡಿದ್ದಳು. ಹೇಳಿದ್ದಳು. ಕೇಳಿಸಿಕೊಳ್ಳದೆ ಹೋದವರು ನಾವು.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ. ಮಗು ಹೇಳಿದರೆ ನಿಲ್ಲಿಸುವುದು. ತಾನು ಹೇಳಿದರೆ ದೊಡ್ಡವರು ಕೇಳುತ್ತಾರೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಮಗು ಮುಂದಿನ ಸಲವೂ ಹೇಳುತ್ತದೆ. ಆ ನಂಬಿಕೆಗಾಗಿ ನಾಲ್ಕು ಸಲ ಬೇಡದೆ ನಿಲ್ಲಿಸಿದರೂ ನಷ್ಟ ಏನಿಲ್ಲ.

ಸುಳ್ಳು ಕರೆ ಕಡಿಮೆ ಮಾಡಲು ದಾರಿ ಇದೆ. ಬಹಳ ಸಲ ಮಗುವಿಗೆ ಬೇಕಾಗಿರುವುದು ಬೆಲ್ಟಿನಿಂದ ಬಿಡುಗಡೆ. ನಿಲ್ಲಿಸಿದಾಗ ಐದು ನಿಮಿಷ ಓಡಾಡಲು ಬಿಡಿ. ಇನ್ನೊಂದು, ಅವಸರದಲ್ಲಿ ಕೂರಿಸಿದರೆ ಮಕ್ಕಳು ಅರ್ಧ ಮಾಡಿ ಎದ್ದುಬಿಡುತ್ತಾರೆ. ಮುಗಿದ ಮೇಲೆ ಎಬ್ಬಿಸಿ ನಿಲ್ಲಿಸಿ, ಹತ್ತರ ತನಕ ಎಣಿಸಿ, "ಒಳಗೆ ಇನ್ನೂ ಸ್ವಲ್ಪ ಅಡಗಿಕೊಂಡಿದೆಯಾ ನೋಡೋಣ" ಅಂತ ಮತ್ತೆ ಕೂರಿಸಿ. ಎಷ್ಟೋ ಸಲ ಇನ್ನೊಂದಿಷ್ಟು ಬರುತ್ತದೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಎಲ್ಲಿ ನಿಲ್ಲಿಸುವುದು?

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ದಾರಿ ಸುಮಾರು 118 ಕಿ.ಮೀ. ಇದೆ. ಬೇಗ ತಲುಪುತ್ತೇವೆ ಅನ್ನುವುದು ನಿಜ. ಆದರೆ ಹಳೆಯ ರಸ್ತೆಯ ಹಾಗೆ ಬೇಕೆಂದಲ್ಲಿ ಬದಿಗೆ ಹಾಕಿ ಇಳಿಯಲು ಆಗುವುದಿಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವೂ ಪಕ್ಕಕ್ಕೆ ಉಳಿದುಬಿಡುತ್ತವೆ. ತಟ್ಟೆ ಇಡ್ಲಿ, ಮದ್ದೂರು ವಡೆಯ ಹೋಟೆಲುಗಳು ಸರ್ವಿಸ್ ರಸ್ತೆಯಲ್ಲೋ ಊರ ಒಳಗೋ ಇರುತ್ತವೆ. ಒಂದು ಎಕ್ಸಿಟ್ ತಪ್ಪಿದರೆ ಮುಂದಿನದಕ್ಕೆ ಬಹಳ ದೂರ ಹೋಗಬೇಕು.

ಹಾಗಾಗಿ ಎಕ್ಸ್‌ಪ್ರೆಸ್‌ವೇ ಹತ್ತುವ ಮೊದಲು, ಕೆಂಗೇರಿ ಆಸುಪಾಸಿನಲ್ಲಿ ಒಂದು ಸಲ ಮಾಡಿಸಿಬಿಡಿ. ನಡುವೆ ಒಂದು ಎಕ್ಸಿಟ್ ಮೊದಲೇ ಆರಿಸಿಟ್ಟುಕೊಂಡು, ಮಗು ಕೇಳಲಿ ಬಿಡಲಿ, ಅಲ್ಲಿ ಇಳಿದು ಸರ್ವಿಸ್ ರಸ್ತೆಗೆ ಬನ್ನಿ. ಹೊಸದಾಗಿ ಕಲಿಯುತ್ತಿರುವ ಮಗು ಇದ್ದರೆ ಇಡೀ ದಾರಿ ಸರ್ವಿಸ್ ರಸ್ತೆಯಲ್ಲೇ ಹೋದರೂ ಆಗಬಹುದು. ಮುಕ್ಕಾಲು ಗಂಟೆ ಜಾಸ್ತಿ ಹಿಡಿಯಬಹುದು, ಆದರೆ ನೆಮ್ಮದಿ ಇರುತ್ತದೆ.

ಬೇರೆ ಹೆದ್ದಾರಿಗಳಲ್ಲಿ ಪೆಟ್ರೋಲ್ ಬಂಕ್ ನಮ್ಮ ಮೊದಲ ಆಯ್ಕೆ. ಟಾಯ್ಲೆಟ್ಟಿಗೆ ಬೀಗ ಹಾಕಿದ್ದರೂ ಕೇಳಿದರೆ ಕೀಲಿ ಕೊಡುತ್ತಾರೆ. ಮಗು ಜೊತೆಗಿದ್ದರೆ ಇಲ್ಲ ಅಂದವರು ಕಡಿಮೆ. ಒಂದು ಕಡೆ ಮಾತ್ರ, ಒಂದು ಹೋಟೆಲಿನಲ್ಲಿ "ಮೊದಲು ಆರ್ಡರ್ ಕೊಡಿ" ಅಂದರು. ಮಗು ಕಾಲು ಜೋಡಿಸಿಕೊಂಡು ನಿಂತಿತ್ತು. ವಾದ ಮಾಡದೆ ಕಾರಿನ ಡಿಕ್ಕಿಯಿಂದ ಪಾಟಿ ತೆಗೆದೆ. ಪಾಟಿ ಜೊತೆಗಿದ್ದರೆ ಯಾರ ಮುಂದೆಯೂ ಕೇಳಿಕೊಳ್ಳಬೇಕಾಗಿಲ್ಲ.

ದಾರಿಯಲ್ಲಿ ಕಷ್ಟ ಆಗಬಾರದು ಅಂತ ನೀರು ಕಡಿಮೆ ಕೊಡಬಹುದಾ?

ದಯವಿಟ್ಟು ಬೇಡ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಉರಿಯಾಗುತ್ತದೆ, ಮಲಬದ್ಧತೆ ಬರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಹಿರಿಯೂರು, ಚಿತ್ರದುರ್ಗದ ಕಡೆ ಹೋಗುವಾಗ ಇನ್ನೂ ಅಪಾಯ. ಕೊಡುವ ರೀತಿ ಬದಲಾಯಿಸಿ. ಒಂದೇ ಸಲಕ್ಕೆ ಒಂದು ಬಾಟಲಿ ಕುಡಿಸುವ ಬದಲು ಗುಟುಕು ಗುಟುಕಾಗಿ ಕೊಡಿ. ನಿಲ್ಲಿಸುವ ಜಾಗಕ್ಕೆ ಹತ್ತು ಹದಿನೈದು ನಿಮಿಷ ಇದ್ದಾಗ ಸ್ವಲ್ಪ ಜಾಸ್ತಿ ಕೊಡಬಹುದು. ಬೇಡವಾದದ್ದು ಟೀ, ಕಾಫಿ, ಕೋಲಾ. ನಮ್ಮ ಕಡೆ ಮಕ್ಕಳಿಗೆ ಬಸಿಯಲ್ಲಿ ಎರಡು ಗುಟುಕು ಕಾಫಿ ಕೊಡುವ ಪ್ರೀತಿ ಇದೆಯಲ್ಲ, ಪ್ರಯಾಣದ ದಿನ ಅದನ್ನು ಬಿಡಿ.

ಓಡುತ್ತಿರುವ ಕಾರಿನಲ್ಲೇ ಮಡಿಲಲ್ಲಿ ಹಿಡಿದು ಪಾಟಿ ಮೇಲೆ ಕೂರಿಸಬಹುದಾ?

ಯಾವ ಕಾರಣಕ್ಕೂ ಇಲ್ಲ. ಕಾರು ಪೂರ್ತಿ ನಿಲ್ಲುವ ತನಕ ಬೆಲ್ಟ್ ಬಿಚ್ಚಬೇಡಿ. "ನಿಧಾನವಾಗಿ ಹೋಗ್ತಾ ಇದ್ದೇವೆ, ಪರವಾಗಿಲ್ಲ" ಅನ್ನಬೇಡಿ. 40 ಕಿ.ಮೀ. ವೇಗದಲ್ಲಿ ಗುದ್ದಿದರೂ ಕೈಯಲ್ಲಿರುವ ಮಗುವನ್ನು ಹಿಡಿದುಕೊಳ್ಳಲು ಯಾರಿಂದಲೂ ಆಗುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷದ ಒಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು (ಕಾರಿನ ಸೀಟಿನ ಮೇಲೆ ಕೂರಿಸುವ, ಬೆಲ್ಟ್ ಇರುವ ಪುಟ್ಟ ಸೀಟು) ಇರಲೇಬೇಕು. ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡದ ಮಾತು ಬಿಡಿ. ಒದ್ದೆಯಾದ ಸೀಟನ್ನು ತೊಳೆಯಬಹುದು. ಮಗುವಿಗೆ ಏಟು ಬಿದ್ದರೆ ಏನು ಮಾಡುತ್ತೀರಿ?

ಸೀಟಿನ ಮೇಲೆ ಏನು ಹಾಸಬೇಕು?

ತೆಳ್ಳಗಿನದು ಮಾತ್ರ. ದಪ್ಪ ಟವೆಲ್ಲು, ನಾಲ್ಕು ಮಡಿಕೆ ಸೀರೆ, ದಿಂಬು, ಇವು ಯಾವುದನ್ನೂ ಮಗುವಿನ ಕೆಳಗೆ ಇಡಬೇಡಿ. ಗುದ್ದು ಬಿದ್ದಾಗ ಆ ದಪ್ಪ ಬಟ್ಟೆ ಒಮ್ಮೆಲೇ ಅಮುಕಿಕೊಂಡು ಬೆಲ್ಟ್ ಸಡಿಲವಾಗುತ್ತದೆ, ಮಗು ಜಾರಬಹುದು. ನಿಮ್ಮ ಮಗುವಿನ ಸೀಟಿನ ಕಂಪನಿಯೇ ಮಾಡಿದ ತೆಳು ಪ್ಯಾಡ್ ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಒಂದೇ ಪದರದ ಕಾಟನ್ ಬಟ್ಟೆ ಸಾಕು. ಮಗುವಿನ ಸೀಟಿನ ಕೆಳಗೆ, ಕಾರಿನ ಸೀಟನ್ನು ಕಾಪಾಡಲು ತೆಳ್ಳಗಿನ ರಬ್ಬರ್ ಶೀಟ್ ಹಾಕಬಹುದು. ಹಾಕಿದ ಮೇಲೆ ಸೀಟು ಅಲ್ಲಾಡದ ಹಾಗೆ ಗಟ್ಟಿಯಾಗಿ ಕೂತಿದೆಯಾ ಅಂತ ಒಮ್ಮೆ ಅಲುಗಿಸಿ ನೋಡಿ.

ಸೀಟು ಒದ್ದೆಯಾಯಿತು. ವಾಸನೆ ಬಾರದ ಹಾಗೆ ತೊಳೆಯುವುದು ಹೇಗೆ?

ಮೊದಲು ಮಗು, ಆಮೇಲೆ ಸೀಟು. ಒದ್ದೆ ಬಟ್ಟೆ ತೆಗೆದು, ಒರೆಸಿ, ಒಣ ಬಟ್ಟೆ ಹಾಕಿ. "ಪರವಾಗಿಲ್ಲ, ಮುಂದಿನ ಸಲ ಪಾಟಿಯಲ್ಲಿ ಮಾಡೋಣ" ಅಂತ ಹೇಳಿ. ಅಷ್ಟೇ ಸಾಕು. ಬೈದರೆ, ಮುಖ ಗಂಟು ಹಾಕಿದರೆ, ಮಗು ತಡೆದುಕೊಳ್ಳಲು ಶುರು ಮಾಡುತ್ತದೆ. ಇಲ್ಲವೇ ಮಾಡಿಕೊಂಡದ್ದನ್ನು ಮುಚ್ಚಿಡುತ್ತದೆ.

ಸೀಟಿಗೆ ಬಟ್ಟೆಯನ್ನು ಒತ್ತಿ ಒತ್ತಿ ತೇವ ಹೀರಿಸಿ. ಉಜ್ಜಿದರೆ ಇನ್ನೂ ಒಳಗೆ ಇಳಿಯುತ್ತದೆ. ಆಮೇಲೆ ಸ್ವಲ್ಪ ನೀರು ಚಿಮುಕಿಸಿ ಮತ್ತೆ ಒತ್ತಿ ತೆಗೆಯಿರಿ. ಊರು ತಲುಪಿದ ಮೇಲೆ ಮಗುವಿನ ಸೀಟಿನ ಕವರ್ ಬಿಚ್ಚಿ ತೊಳೆದು ನೆರಳಲ್ಲಿ ಒಣಗಿಸಿ. ಕಾರಿನ ಸೀಟಿಗಾದರೆ ಅಡುಗೆ ಸೋಡ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಬ್ರಷ್ಷಿನಿಂದ ಗುಡಿಸಿ ತೆಗೆದರೆ ವಾಸನೆ ಹೋಗುತ್ತದೆ. ಫಿನಾಯಿಲ್ ಬೇಡ. ಮುಚ್ಚಿದ ಕಾರಿನಲ್ಲಿ ಅದರ ಘಾಟಿಗೆ ಮಗುವಿಗೆ ವಾಂತಿ ಬರಬಹುದು.

ಮಗುವಿನ ಸೀಟಿನ ಬೆಲ್ಟ್ ಪಟ್ಟಿಗಳನ್ನು ಮಾತ್ರ ನೀರಿನಲ್ಲಿ ನೆನೆಹಾಕಬೇಡಿ, ಬ್ಲೀಚ್ ಹಾಕಬೇಡಿ. ಅವುಗಳ ಗಟ್ಟಿತನ ಕಡಿಮೆಯಾಗುತ್ತದೆ. ಒದ್ದೆ ಬಟ್ಟೆಗೆ ಚೂರು ಸೋಪು ಹಚ್ಚಿ ಒರೆಸಿದರೆ ಸಾಕು.

ಎಂಥ ಪಾಟಿ ಒಳ್ಳೆಯದು? ಚೀಲದಲ್ಲಿ ಏನೇನು ಇರಬೇಕು?

ಮನೆಯಲ್ಲಿ ದಿನಾ ಬಳಸುವ ಪಾಟಿಯನ್ನೇ ತೆಗೆದುಕೊಂಡು ಹೋಗಿ. ಮಡಚುವ ಹೊಸ ಪಾಟಿ ಕೊಂಡರೆ ಮೊದಲು ಒಂದು ವಾರ ಮನೆಯಲ್ಲೇ ಬಳಸಿ ಅಭ್ಯಾಸ ಮಾಡಿಸಿ. ಹೆದ್ದಾರಿಯ ಬದಿಯಲ್ಲಿ, ಲಾರಿ ಹಾರ್ನಿನ ನಡುವೆ ಹೊಸ ವಸ್ತುವಿನ ಮೇಲೆ ಕೂರು ಅಂದರೆ ಯಾವ ಮಗುವೂ ಕೂರುವುದಿಲ್ಲ.

ಪಾಟಿಯ ತಳಕ್ಕೆ ಹಳೆ ಪೇಪರ್ ಅಥವಾ ಒಂದು ಡೈಪರ್ ಬಿಚ್ಚಿ ಹಾಸಿ. ಚೆಲ್ಲುವುದಿಲ್ಲ, ಹಾಗೇ ಸುತ್ತಿ ತೆಗೆಯಬಹುದು. ಜೊತೆಗೆ ಐದು ಚಡ್ಡಿ, ಮೂರು ಪ್ಯಾಂಟ್, ಒಂದು ಜೊತೆ ಚಪ್ಪಲಿ ಬೇಕು. ಚಪ್ಪಲಿಯನ್ನು ಎಲ್ಲರೂ ಮರೆಯುತ್ತಾರೆ. ಸುಸ್ಸು ಇಳಿಯುವುದು ಕಾಲಿನ ಮೇಲೆಯೇ ಅಲ್ವಾ? ನೀರಿನ ದೊಡ್ಡ ಬಾಟಲಿ, ಮಗ್ಗು, ಸೋಪು, ಹಳೆ ಪಂಚೆಯ ತುಂಡುಗಳು, ಒದ್ದೆ ಬಟ್ಟೆಗೆ ಜಿಪ್ ಇರುವ ಕವರ್ ಇಟ್ಟುಕೊಳ್ಳಿ. ಚೀಲ ಡಿಕ್ಕಿಯಲ್ಲಿ ಎಲ್ಲದಕ್ಕಿಂತ ಮೇಲಿರಲಿ. ನಾವೊಮ್ಮೆ ಹಲಸಿನಕಾಯಿ, ತೆಂಗಿನಕಾಯಿ ಮೂಟೆಯ ಕೆಳಗೆ ಇಟ್ಟು, ಅದನ್ನು ಎಳೆದು ತೆಗೆಯುವಷ್ಟರಲ್ಲಿ ಹೊತ್ತು ಮೀರಿತ್ತು.

ಬಟ್ಟೆಯೂ ಹಾಗೇ. ಎಲಾಸ್ಟಿಕ್ ಇರುವ ಪ್ಯಾಂಟ್ ಹಾಕಿ. ಡಂಗರಿ, ಗುಂಡಿಯ ಜೀನ್ಸ್, ಜರಿ ಲಂಗ ಇವನ್ನೆಲ್ಲ ತಲುಪಿದ ಮೇಲೆ ತೊಡಿಸಿ.

ಹೊರಗಿನ ಟಾಯ್ಲೆಟ್ ಕಂಡರೆ ಹೆದರಿ ಅಳುತ್ತಾಳೆ. ಏನು ಮಾಡುವುದು?

ಮಗುವಿನ ಎತ್ತರಕ್ಕೆ ಕೂತು ಒಮ್ಮೆ ನೋಡಿ. ಕತ್ತಲೆ, ಒದ್ದೆ ನೆಲ, ವಾಸನೆ, ಕೆಳಗೆ ದೊಡ್ಡ ಗುಂಡಿ. ಕಮೋಡ್ ಆದರೆ ಬೀಳುತ್ತೇನೆ ಅನ್ನುವ ಭಯ, ಕಾಲಿಗೆ ಆಧಾರ ಇಲ್ಲ. ಹೆದರುವುದು ಸಹಜವೇ.

ಇದಕ್ಕೆ ನನಗೆ ದಾರಿ ತೋರಿಸಿದ್ದು ಅಮ್ಮ. ನಮ್ಮ ಅಜ್ಜಿಯರು ಕಾಲು ಚಾಚಿ ಕೂತು, ಎರಡು ಪಾದಗಳ ನಡುವೆ ಮಗುವನ್ನು ಕೂರಿಸಿ "ಸ್‌ಸ್‌ಸ್" ಅಂತ ಸದ್ದು ಮಾಡುತ್ತಿದ್ದರಲ್ಲ, ಅದೇ ಉಪಾಯ. ಹೊರಗೆ ಕಾಲು ಚಾಚಿ ಕೂರಲು ಆಗುವುದಿಲ್ಲ. ಅದರ ಬದಲು ಮಗುವಿನ ಬೆನ್ನು ನಿಮ್ಮ ಎದೆಗೆ ತಾಗುವ ಹಾಗೆ ಎತ್ತಿಕೊಂಡು, ಎರಡು ತೊಡೆಗಳ ಕೆಳಗೆ ಕೈ ಕೊಟ್ಟು, ಮಂಡಿ ಸ್ವಲ್ಪ ಮೇಲಿರುವ ಹಾಗೆ ಹಿಡಿಯಿರಿ. ಕಿವಿಯ ಹತ್ತಿರ ಮೆಲ್ಲಗೆ ಅದೇ ಸದ್ದು ಮಾಡಿ. ಮಗುವಿಗೆ ಏನೂ ಮುಟ್ಟುವುದಿಲ್ಲ, ಬೀಳುವ ಭಯ ಇಲ್ಲ, ಅಮ್ಮನ ಮೈಯ ಬಿಸಿ ಬೆನ್ನಿಗಿರುತ್ತದೆ. ಗುಂಡ್ಯದ ಒಂದು ಬಂಕಿನಲ್ಲಿ ಅಳುತ್ತಿದ್ದವಳು ಹೀಗೆ ಹಿಡಿದ ಒಂದು ನಿಮಿಷಕ್ಕೆ ಸಮಾಧಾನವಾದಳು. ಈ ಸದ್ದನ್ನು ಮನೆಯಲ್ಲಿ ದಿನಾ ಅಭ್ಯಾಸ ಮಾಡಿಸಿದ್ದರೆ ಹೊರಗೆ ಬೇಗ ಕೆಲಸಕ್ಕೆ ಬರುತ್ತದೆ.

ದೊಡ್ಡ ಹೋಟೆಲುಗಳಲ್ಲಿ ಕೈ ಒಣಗಿಸುವ ಯಂತ್ರದ ಸದ್ದಿಗೂ, ತಾನಾಗಿ ಬರುವ ಫ್ಲಶ್‌ಗೂ ಮಕ್ಕಳು ಬೆಚ್ಚುತ್ತಾರೆ. ಮೊದಲು ಮಗುವನ್ನು ಹೊರಗೆ ಕಳಿಸಿ, ಆಮೇಲೆ ಫ್ಲಶ್ ಮಾಡಿ. ಹೆಣ್ಣು ಮಕ್ಕಳನ್ನು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಒರೆಸಬೇಕು. ಹಿಂದಿನಿಂದ ಮುಂದಕ್ಕೆ ಮಾಡಿದರೆ ಸೋಂಕು ತಗಲುತ್ತದೆ.

ರಸ್ತೆ ಬದಿಯಲ್ಲೇ ಮಾಡಿಸಬಹುದಾ?

ಬೇರೆ ದಾರಿ ಇಲ್ಲದಾಗ ಮಾತ್ರ. ಅಂಗಡಿ ಮುಂಗಟ್ಟು, ಹಳ್ಳಿಯ ಒಳರಸ್ತೆ, ಅಗಲವಾದ ಮಣ್ಣಿನ ಜಾಗ ಇರುವ ಕಡೆ ಗಾಡಿ ತಿರುಗಿಸಿ. ತಿರುವಿನಲ್ಲಿ, ಸೇತುವೆ ಮೇಲೆ, ಮಂಜು ಮುಸುಕಿದ ಘಾಟಿಯಲ್ಲಿ ನಿಲ್ಲಿಸಬೇಡಿ. ನಾಲ್ಕೂ ಲೈಟ್ ಮಿಣುಕಿಸಿ, ಎಡಗಡೆ ಬಾಗಿಲಿನಿಂದಲೇ ಮಗುವನ್ನು ಇಳಿಸಿ, ಒಂದು ಕೈ ಮಗುವಿನ ಮೇಲೆಯೇ ಇರಲಿ. ಹ್ಯಾಚ್‌ಬ್ಯಾಕ್ ಕಾರಾದರೆ ನಿಂತ ಗಾಡಿಯ ಡಿಕ್ಕಿ ತೆರೆದು ಅದರ ಒಳಗೇ ಪಾಟಿ ಇಟ್ಟು ಕೂರಿಸುವುದು ಇನ್ನೂ ಕ್ಷೇಮ. ಮಳೆ ಬಂದರೂ ನೆನೆಯುವುದಿಲ್ಲ, ಮರೆಯೂ ಇರುತ್ತದೆ. ಕಕ್ಕ ಮಾಡಿದ್ದನ್ನು, ಬಳಸಿದ ಡೈಪರನ್ನು ರಸ್ತೆ ಬದಿಯಲ್ಲಿ ಬಿಸಾಡಬೇಡಿ. ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿ ಸಿಗುವ ತನಕ ಜೊತೆಯಲ್ಲೇ ಇಟ್ಟುಕೊಳ್ಳಿ.

ಊರಿಗೆ ಹೋದಾಗಲೆಲ್ಲ ಎರಡು ಮೂರು ದಿನ ಕಕ್ಕವನ್ನೇ ಮಾಡುವುದಿಲ್ಲ. ಇದು ಮಾಮೂಲಾ?

ತುಂಬಾ ಮಕ್ಕಳಲ್ಲಿ ಹೀಗಾಗುತ್ತದೆ. ಜಾಗ ಹೊಸದು, ಊಟ ಬೇರೆ, ಸುತ್ತ ಜನ. ಮಗು ತಡೆದುಕೊಳ್ಳುತ್ತದೆ. ತಡೆದಷ್ಟೂ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ನೋಯುತ್ತದೆ, ನೋಯುತ್ತದೆ ಅಂತ ಇನ್ನೂ ತಡೆಯುತ್ತದೆ. ಗಟ್ಟಿ ಮಲ ಮೂತ್ರಕೋಶವನ್ನು ಒತ್ತುವುದರಿಂದ ಚಡ್ಡಿಯಲ್ಲಿ ಸುಸ್ಸು ಹೋಗುವುದೂ ಜಾಸ್ತಿಯಾಗುತ್ತದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ.

ಹೊಟ್ಟೆಗೆ ಊಟ ಬಿದ್ದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಆದ್ದರಿಂದ ಹೊರಡುವ ದಿನ ತಿಂಡಿಯನ್ನು ಮನೆಯಲ್ಲೇ ತಿನ್ನಿಸಿ, ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಪಾಟಿಯ ಮೇಲೆ ಕೂರಿಸಿ, ಆಮೇಲೆ ಕಾರು ಹತ್ತಿಸಿ. ದಾರಿಯಲ್ಲಿ ಬಿಸ್ಕತ್ತು, ಚಿಪ್ಸ್ ಬದಲು ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ ಇರಲಿ. ಊರಿನಲ್ಲಿ ತೋಟದ ಕಡೆ ನಡೆಸಿ, ಓಡಾಡಿಸಿ. ಪಾಟಿಯನ್ನು ಜನ ಇಲ್ಲದ ಮೂಲೆಯಲ್ಲಿ ಇಡಿ. ಹಜಾರದ ನಡುವೆ ಎಲ್ಲರೂ ನೋಡುತ್ತಾ "ಬಂತಾ, ಬಂತಾ" ಅಂತ ಕೇಳಿದರೆ ಬರುವುದೂ ನಿಂತುಹೋಗುತ್ತದೆ.

ಕಾರಿನಲ್ಲಿ ನಿದ್ದೆ ಹೋದರೆ ಎಬ್ಬಿಸಿ ಮಾಡಿಸಬೇಕಾ?

ಬೇಡ, ಮಲಗಲಿ. ಎದ್ದ ಕೂಡಲೇ ಐದು ನಿಮಿಷದ ಒಳಗೆ ನಿಲ್ಲಿಸಿ. ಎಚ್ಚರವಾದಾಗ ಮೂತ್ರಕೋಶ ತುಂಬಿರುತ್ತದೆ. ನಿದ್ದೆಯಲ್ಲಿ ತಡೆದುಕೊಳ್ಳುವುದು ಕಲಿಸಿ ಬರುವಂಥದ್ದಲ್ಲ, ಮೈ ಬೆಳೆದ ಹಾಗೆ ತಾನಾಗಿ ಬರುತ್ತದೆ. ಐದು ವರ್ಷದ ತನಕ ನಿದ್ದೆಯಲ್ಲಿ ಒದ್ದೆಯಾಗುವುದನ್ನು ಡಾಕ್ಟರುಗಳೂ ತೊಂದರೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಾತ್ರಿ ಪ್ರಯಾಣಕ್ಕೆ ಡೈಪರ್ ಹಾಕಿ, ಅದರಲ್ಲಿ ಬೇಜಾರು ಮಾಡಿಕೊಳ್ಳಬೇಡಿ. ಮಗು ಮಲಗಿದೆ ಅಂತ ಕಾರಿನಲ್ಲಿ ಒಂದನ್ನೇ ಬಿಟ್ಟು ಟೀ ಕುಡಿಯಲು ಮಾತ್ರ ಹೋಗಬೇಡಿ. ನಿಂತ ಕಾರು ಬಿಸಿಲಿಗೆ ನಿಮಿಷಗಳಲ್ಲಿ ಕಾಯುತ್ತದೆ.

ಘಾಟಿಯಲ್ಲಿ ಜಾಮ್ ಆಗಿ ಸಿಕ್ಕಿಕೊಂಡರೆ?

ಮಳೆಗಾಲದಲ್ಲಿ ಶಿರಾಡಿಯಲ್ಲಿ ಇದು ಆಗುವ ಮಾತೇ. ಗುಡ್ಡ ಕುಸಿದರೆ, ಒಂದು ಲಾರಿ ಕೆಟ್ಟು ನಿಂತರೆ ಗಂಟೆಗಟ್ಟಲೆ ಹೋಗುತ್ತದೆ. ಸಕಲೇಶಪುರದಲ್ಲಿ ಮಗುವಿಗೆ ಬೇಕಿಲ್ಲದಿದ್ದರೂ ಕೂರಿಸಿ, ಪಾಟಿಯನ್ನು ಡಿಕ್ಕಿಯಿಂದ ತೆಗೆದು ಹಿಂದಿನ ಸೀಟಿನ ಕೆಳಗೆ ಇಟ್ಟುಕೊಂಡು ಘಾಟಿ ಇಳಿಯಿರಿ. ಗಾಡಿ ಪೂರ್ತಿ ನಿಂತು, ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದ ಮೇಲೆ ಒಳಗೇ ಕೂರಿಸಬಹುದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಫೋನ್ ಮಾಡಿ.

ಬಾಡಿಗೆ ಕಾರಿನಲ್ಲಿ ಹೋಗುತ್ತಿದ್ದೇವೆ. ಡ್ರೈವರ್ ಏನಂದುಕೊಳ್ಳುತ್ತಾರೋ ಅಂತ ಸಂಕೋಚ.

ಹತ್ತುವ ಮೊದಲೇ ಹೇಳಿಬಿಡಿ. "ಅಣ್ಣಾ, ಮಗುಗೆ ಡೈಪರ್ ಬಿಡಿಸ್ತಾ ಇದ್ದೀವಿ, ಗಂಟೆಗೊಂದ್ಸಲ ನಿಲ್ಲಿಸ್ಬೇಕಾಗುತ್ತೆ." ಹೆಚ್ಚಿನವರಿಗೆ ಮನೆಯಲ್ಲಿ ಮಕ್ಕಳಿರುತ್ತಾರೆ. ಎಲ್ಲಿ ಟಾಯ್ಲೆಟ್ ಚೆನ್ನಾಗಿದೆ ಅಂತ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಬೇರೆಯವರ ಗಾಡಿ ಅಲ್ವಾ, ಕಾರ್ ಚಡ್ಡಿ ಹಾಕಿಯೇ ಹತ್ತಿಸಿ.

ಊರಿನಲ್ಲಿ ಎಲ್ಲರೂ "ನಿಮ್ಮನ್ನೆಲ್ಲ ನಾವು ವರ್ಷಕ್ಕೇ ಬಿಡಿಸಿದ್ವಿ" ಅನ್ನುತ್ತಾರೆ. ಏನು ಹೇಳಲಿ?

ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಆಗ ಡೈಪರ್ ಇರಲಿಲ್ಲ, ಮಗು ಒದ್ದೆಯಾದ ಕೂಡಲೇ ಗೊತ್ತಾಗುತ್ತಿತ್ತು, ಅಂಗಳ ಇತ್ತು, ನೋಡಿಕೊಳ್ಳಲು ನಾಲ್ಕು ಜನ ಇದ್ದರು. ಅವರೊಡನೆ ವಾದ ಬೇಡ, ಸಹಾಯ ಕೇಳಿ. ನಾನು ಅಮ್ಮನಿಗೆ, "ಬೆಳಗ್ಗೆ ಎದ್ದ ಮೇಲೆ ನೀನೇ ಕರ್ಕೊಂಡು ಹೋಗಮ್ಮ, ನಿನ್ನ ಜೊತೆ ಬೇಗ ಮಾಡ್ತಾಳೆ" ಅಂದೆ. ಆಮೇಲೆ ಹೋಲಿಕೆಯ ಮಾತೇ ಬರಲಿಲ್ಲ. ಆದರೆ ಯಾರಾದರೂ ಮಗುವಿನ ಎದುರು "ಛೀ, ನಾಚಿಕೆ" ಅಂದರೆ ಅಲ್ಲೇ ತಡೆಯಿರಿ. ಹಿರಿಯರಾದರೂ ಸರಿ. ಮೆತ್ತಗೆ, ಆದರೆ ಮಗುವಿಗೆ ಕೇಳಿಸುವ ಹಾಗೆ, "ಕಲೀತಾ ಇದ್ದಾಳೆ ಅತ್ತೆ, ಚೆನ್ನಾಗಿ ಮಾಡ್ತಾ ಇದ್ದಾಳೆ" ಅನ್ನಿ.

ಡಾಕ್ಟರನ್ನು ಯಾವಾಗ ನೋಡಬೇಕು?

ಸುಸ್ಸು ಮಾಡುವಾಗ ಅಳುತ್ತಿದ್ದರೆ, ಕಾರಣ ತಿಳಿಯದೆ ಜ್ವರ ಬಂದಿದ್ದರೆ, ಮೂತ್ರದಲ್ಲಿ ರಕ್ತ ಅಥವಾ ಕೆಟ್ಟ ವಾಸನೆ ಇದ್ದರೆ, ಎಂಟು ಗಂಟೆ ಕಳೆದರೂ ಸುಸ್ಸು ಮಾಡದಿದ್ದರೆ ಕಾಯಬೇಡಿ. ಚೆನ್ನಾಗಿ ಕಲಿತಿದ್ದ ಮಗು ಪ್ರಯಾಣದಿಂದ ಬಂದ ಮೇಲೆ ಒಂದು ವಾರ ಹಿಂದೆ ಬಿದ್ದರೆ ಗಾಬರಿ ಬೇಡ, ಮನೆಯ ದಿನಚರಿ ಸಿಕ್ಕ ಮೇಲೆ ಸರಿಹೋಗುತ್ತದೆ. ಎರಡು ಮೂರು ವಾರವಾದರೂ ಹಾಗೇ ಇದ್ದರೆ, ಇಲ್ಲವೇ ಕಕ್ಕ ಮಾಡುವಾಗ ರಕ್ತ ಕಂಡರೆ, ಮಕ್ಕಳ ಡಾಕ್ಟರಿಗೆ ತೋರಿಸಿ. ಹೋಗುವಾಗ ಎಷ್ಟು ಸಲ ಸುಸ್ಸು, ಎಷ್ಟು ದಿನಕ್ಕೆ ಕಕ್ಕ, ಎಷ್ಟು ನೀರು ಅಂತ ಎರಡು ದಿನದ ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ಮೊದಲು ಕೇಳುವುದೇ ಅದನ್ನು.